ಕಂಸವಧೆಯಾಗದ ಪ್ರಸಂಗ

ಬಿ.ಸಿ.ರೋಡು, ಬೆಳ್ತಂಗಡಿ, ಮೂಡಬಿದಿರೆ, ಮೂರರಲ್ಲಿ ಯಾವ ಪೇಟೆಯಾದರೂ ಸರಿ, ಮನೆಯ ನಕ್ಷೆ ಮಾಡಿಕೊಡುವ ಒಂದು ಕಚೇರಿಯ ಮೆಟ್ಟಿಲು ಹತ್ತಿ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಹಳದಿ, ಕೆಂಪು, ಹಸಿರು ಗೆರೆಗಳಲ್ಲಿ ಯಾರದೋ ಸಿಟೌಟು, ಯಾರದೋ ದೇವರ ಕೋಣೆ ಮಲಗಿರುತ್ತದೆ. ತಂತ್ರಾಂಶ ಬಹುಮಟ್ಟಿಗೆ ಆಟೋಕ್ಯಾಡ್. ಪರದೆಯ ತಳದಲ್ಲಿ ಆಜ್ಞೆ ಬರೆಯುವುದಕ್ಕೆ ಒಂದು ಸಪೂರ ಪಟ್ಟಿ ಇರುತ್ತದೆ. ಕುಳಿತವರನ್ನು ಕೇಳಿಕೊಂಡು ಅದರಲ್ಲಿ ಹೀಗೆ ಬರೆದು ಎಂಟರ್ ಒತ್ತಿ:

(+ 2 3)

5 ಎಂದು ಉತ್ತರ ಬರುತ್ತದೆ. ಗೆರೆ ಎಳೆಯುವ ತಂತ್ರಾಂಶಕ್ಕೆ ಕೂಡುವ ಲೆಕ್ಕ ಯಾಕೆ ಬರಬೇಕು? ಅದೂ ಕೂಡು ಚಿಹ್ನೆ ಮುಂದೆ, ಅಂಕಿಗಳು ಹಿಂದೆ, ಸುತ್ತಲೂ ಕಂಸ! ಆ ಸಪೂರ ಪಟ್ಟಿಯ ಹಿಂದೆ ಒಂದು ಇಂಟರ್‌ಪ್ರಿಟರ್ ಕೂತಿದೆ. ಅದರ ಹೆಸರು ಆಟೋಲಿಸ್ಪ್. 1986ರಲ್ಲಿ ಆಟೋಕ್ಯಾಡ್‌ನೊಳಗೆ ಬಂದದ್ದು ಇನ್ನೂ ಎದ್ದು ಹೋಗಿಲ್ಲ. ನಕ್ಷೆಯವರು 'ಆ ಲಿಸ್ಪ್ ಫೈಲ್ ಉಂಟಾ?' ಎಂದು ಒಬ್ಬರಿಗೊಬ್ಬರು ಕೇಳಿ ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳುವುದು ಇದರದೇ ಪ್ರೋಗ್ರಾಮುಗಳನ್ನು. ಕೋಣೆಗಳ ಅಳತೆ ಒಮ್ಮೆಗೇ ಬರೆಯಲು ಒಂದು, ಜಾಗದ ವಿಸ್ತೀರ್ಣ ತೆಗೆಯಲು ಇನ್ನೊಂದು. ಹಂಚಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ತಮ್ಮ ಕೈಯಲ್ಲಿರುವುದು 1958ರಲ್ಲಿ ಹುಟ್ಟಿದ ಲಿಸ್ಪ್ ಎಂಬ ಭಾಷೆಯ ಮರಿ ಎಂಬುದು ಗೊತ್ತಿರಲಾರದು. ಗೊತ್ತಿರಬೇಕಾದ ಅಗತ್ಯವೂ ಇಲ್ಲ, ಕೆಲಸ ನಡೆಯುತ್ತದೆ. ಆದರೆ ಗಣಕಗಳ ಲೋಕದಲ್ಲಿ ಒಂದೇ ಒಂದು ಯಂತ್ರವನ್ನು ಬಿಚ್ಚಿ ನೋಡುವ ಅವಕಾಶ ಸಿಕ್ಕರೆ ನಾನು ಬಿಚ್ಚುವುದು ಇದನ್ನೇ. ಯಾಕೆಂದರೆ ಇದನ್ನು ಪೂರ್ತಿ ಬಿಚ್ಚಬಹುದು, ಒಂದು ಸಂಜೆಯೊಳಗೆ.

ಇಂಟರ್‌ಪ್ರಿಟರ್ ಎಂದರೇನು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ಅಲ್ಲಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ, ಎದುರು ಕುಳಿತ ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಪ್ರಸಂಗ ಪುಸ್ತಕದಲ್ಲಿರುವುದು ಪದ್ಯ ಮಾತ್ರ, ಮಾತು ಎಲ್ಲೂ ಬರೆದಿಲ್ಲ. ಪದ್ಯ ಬಂದಾಗ, ಬಂದಷ್ಟಕ್ಕೆ, ಅಲ್ಲೇ ಅರ್ಥ ಹುಟ್ಟಬೇಕು. ಇಂಟರ್‌ಪ್ರಿಟರ್ ಮಾಡುವುದು ಇದನ್ನೇ. ಪ್ರೋಗ್ರಾಮೆಂಬ ಪ್ರಸಂಗದ ಒಂದೊಂದು ಮಾತನ್ನೂ ಓದಿ, ಓದಿದಲ್ಲೇ ಅರ್ಥ ಮಾಡಿ ನಡೆಸಿಬಿಡುತ್ತದೆ. ಇದಕ್ಕೆ ಪ್ರತಿಯಾಗಿ ಕಂಪೈಲರ್ ಎಂಬುದಿದೆ. ಅದು ಇಡೀ ಪ್ರಸಂಗವನ್ನು ಮೊದಲೇ ಕೂತು ಯಂತ್ರದ ಮಾತಿಗೆ ಬರೆದಿಟ್ಟು, ಆಮೇಲೆ ಆ ಬರೆದದ್ದನ್ನು ಓಡಿಸಲು ಕೊಡುತ್ತದೆ. ತಾಳಮದ್ದಲೆಗೂ ಸಿನಿಮಾಕ್ಕೂ ಇರುವ ವ್ಯತ್ಯಾಸ ಎಂದುಕೊಳ್ಳಿ.

ಹೋಲಿಕೆಯನ್ನು ಒಂದು ಕಡೆ ನಿಲ್ಲಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಒಂದು ಪದ್ಯದಿಂದ ಏನೆಲ್ಲ ಹೊರಡುತ್ತಿತ್ತು ಎಂಬುದನ್ನು ಕೇಳಿದವರು ಇಂದಿಗೂ ಹೇಳುತ್ತಾರೆ. ಕಂಪ್ಯೂಟರಿನ ಅರ್ಥಧಾರಿಗೆ ಆ ಪ್ರತಿಭೆ ಇರಕೂಡದು. ಒಂದೇ ಪದ್ಯಕ್ಕೆ ಅದು ಸಾವಿರ ಸಲವೂ ಒಂದೇ ಅರ್ಥ ಹೇಳಬೇಕು. ಹೊಸತನ ತೋರಿಸಿದ ದಿನ ಯಾರದೋ ಮನೆಯ ಗೋಡೆ ಪಕ್ಕದ ಜಾಗದಲ್ಲಿ ಏಳುತ್ತದೆ.

ಈಗ ಬಿಚ್ಚೋಣ. ಇಂಟರ್‌ಪ್ರಿಟರ್ ನಾವೇ ಮಾಡುವುದಾದ್ದರಿಂದ ಭಾಷೆಯ ಶಬ್ದಗಳನ್ನೂ ನಾವೇ ಇಟ್ಟುಕೊಳ್ಳಬಹುದು. ಕನ್ನಡದಲ್ಲೇ ಇಡುತ್ತೇನೆ. ಲಿಸ್ಪ್‌ಗೆ ಯಾವ ಅಕ್ಷರವಾದರೂ ಒಂದೇ, ಎರಡು ಖಾಲಿ ಜಾಗಗಳ ನಡುವೆ ಏನಿದೆಯೋ ಅದು ಒಂದು ಹೆಸರು.

ನಮ್ಮ ಕಡೆ ಜಾಗದ ಲೆಕ್ಕ ಸೆಂಟ್ಸ್‌ನಲ್ಲಿ. ಘಟ್ಟ ಹತ್ತಿದರೆ ಗುಂಟೆ. ಒಂದು ಎಕರೆಗೆ 100 ಸೆಂಟ್ಸ್, ಒಂದು ಸೆಂಟಿಗೆ 435.6 ಚದರ ಅಡಿ. ಉದ್ದ ಅಗಲ ಅಡಿಯಲ್ಲಿ ಕೊಟ್ಟರೆ ಸೆಂಟ್ಸ್ ಹೇಳುವ ಪ್ರೋಗ್ರಾಮು ಇದು:

(ಇರಲಿ ಸೆಂಟು 435.6)

(ಇರಲಿ ಜಾಗ (ಕ್ರಿಯೆ (ಉದ್ದ ಅಗಲ) (ಭಾಗಿಸು (ಗುಣಿಸು ಉದ್ದ ಅಗಲ) ಸೆಂಟು)))

(ಜಾಗ 60 40)

ಮೊದಲ ಸಾಲು ಸೆಂಟು ಎಂಬ ಹೆಸರಿಗೆ ಒಂದು ಬೆಲೆ ಕಟ್ಟಿತು. ಎರಡನೆಯದು ಜಾಗ ಎಂಬ ಹೆಸರಿಗೆ ಒಂದು ಕ್ರಿಯೆಯನ್ನು ಕಟ್ಟಿತು. ಉದ್ದ, ಅಗಲ ಎಂಬ ಎರಡನ್ನು ತೆಗೆದುಕೊಂಡು ಗುಣಿಸಿ, ಬಂದದ್ದನ್ನು ಸೆಂಟಿನಿಂದ ಭಾಗಿಸುವ ಕ್ರಿಯೆ ಅದು. ಮೂರನೆಯದು ಆ ಕ್ರಿಯೆಯನ್ನು ನಡೆಸು ಎನ್ನುತ್ತದೆ. ಉತ್ತರ ಸುಮಾರು 5.51.

ಎಲ್ಲ ಕಡೆಯೂ ಕೆಲಸದ ಹೆಸರು ಮೊದಲು, ಕೆಲಸಕ್ಕೆ ಬೇಕಾದದ್ದು ಆಮೇಲೆ. ಕನ್ನಡಿಗರಿಗೆ ಇದು ತಲೆಕೆಳಗು. ನಾವು 'ಉದ್ದ ಅಗಲ ಗುಣಿಸು' ಎನ್ನುವವರು, ಕ್ರಿಯಾಪದವನ್ನು ಬಾಲದಲ್ಲಿ ಕಟ್ಟುವವರು. ಲಿಸ್ಪನ್ನು ಬಂಟ್ವಾಳದಲ್ಲಿ ಕಂಡುಹಿಡಿದಿದ್ದರೆ (60 40 ಜಾಗ) ಎಂದೇ ಇರುತ್ತಿತ್ತೇನೋ. ಅರ್ಧ ಗಂಟೆಯಲ್ಲಿ ರೂಢಿಯಾಗುತ್ತದೆ, ಹೆದರಬೇಕಾದ್ದಿಲ್ಲ.

ಇಂಟರ್‌ಪ್ರಿಟರಿನ ಮೊದಲ ಕೆಲಸ ಓದುವುದು. ಅದರ ಕಣ್ಣಿಗೆ ಬೀಳುವುದು ಅಕ್ಷರಗಳ ಉದ್ದನೆಯ ಸಾಲು. ಎಡಗಂಸ ಸಿಕ್ಕಿದರೆ ಒಂದು ಪಟ್ಟಿ ಶುರು, ಬಲಗಂಸ ಸಿಕ್ಕಿದರೆ ಮುಗಿಯಿತು. ಪಟ್ಟಿಯೊಳಗೆ ಇನ್ನೊಂದು ಎಡಗಂಸ ಬಂದರೆ ಒಳಗೊಂದು ಮರಿಪಟ್ಟಿ. ಬೇರೆ ಭಾಷೆಗಳಲ್ಲಿ ಈ ಓದುವ ಭಾಗವೇ ದೊಡ್ಡ ತಲೆನೋವು. ಯಾವ ಚಿಹ್ನೆ ಯಾವುದಕ್ಕಿಂತ ಮೊದಲು, ಅರ್ಧವಿರಾಮ ಎಲ್ಲಿ ಎಂದು ನೂರು ತಕರಾರು. ಇಲ್ಲಿ ಎಲ್ಲ ತಕರಾರನ್ನೂ ಬರೆಯುವವನ ತಲೆಗೆ ಕಟ್ಟಿ, ಓದುವ ಯಂತ್ರವನ್ನು ಹಗುರ ಮಾಡಿದ್ದಾರೆ. ಹಾಗಾಗಿಯೇ ಇಷ್ಟೊಂದು ಕಂಸಗಳು. ದೊಡ್ಡ ಲಿಸ್ಪ್ ಪ್ರೋಗ್ರಾಮನ್ನು ಮೊದಲ ಸಲ ಕಂಡವರಿಗೆ ಅದು ಸಾವಿರ ಕಂಸದ ಬಸದಿ.

ಓದಿದ ಪಟ್ಟಿ ಯಂತ್ರದೊಳಗೆ ಹೇಗೆ ಕೂರುತ್ತದೆ? ಬಂಟ್ವಾಳದಿಂದ ಬೆಳ್ತಂಗಡಿ ಬಸ್ಸು ಹತ್ತಿ. ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಪ್ರತಿ ನಿಲ್ದಾಣದಲ್ಲೂ ಎರಡು ಮನೆಯ ಒಂದು ಫಲಕ ನೆಟ್ಟಿದ್ದಾರೆಂದು ಭಾವಿಸಿ. ಎಡಮನೆಯಲ್ಲಿ ಈ ಊರಿನ ಹೆಸರು, ಬಲಮನೆಯಲ್ಲಿ ಮುಂದಿನ ಫಲಕ ಎಲ್ಲಿದೆ ಎಂಬ ಗುರುತು. ಇಡೀ ದಾರಿಯ ನಕ್ಷೆ ಯಾರ ಹತ್ತಿರವೂ ಇಲ್ಲ. ಆದರೂ ಮೊದಲ ಫಲಕ ಗೊತ್ತಿದ್ದರೆ ಕೊನೆಯವರೆಗೆ ಹೋಗಬಹುದು. ಕೊನೆಯ ಫಲಕದ ಬಲಮನೆ ಖಾಲಿ. ಲಿಸ್ಪ್‌ನ ಪಟ್ಟಿ ಇಷ್ಟೇ. ಅದಕ್ಕೆ ಕೇಳಬಹುದಾದ ಪ್ರಶ್ನೆಗಳೂ ಎರಡೇ: ಮೊದಲನೆಯದು ಏನು, ಉಳಿದದ್ದು ಏನು. ಲಿಸ್ಪ್‌ನವರು ಇವನ್ನು 'ಕಾರ್', 'ಕುಡರ್' ಎನ್ನುತ್ತಾರೆ. ಐಬಿಎಂ 704 ಎಂಬ ಹಳೆಯ ಯಂತ್ರದಲ್ಲಿ 36 ಬಿಟ್‌ನ ಒಂದು ಪದದೊಳಗೆ 15 ಬಿಟ್‌ನ ಎರಡು ಮನೆಗಳಿದ್ದವು, ಒಂದರ ಹೆಸರು ಅಡ್ರೆಸ್, ಇನ್ನೊಂದರದು ಡಿಕ್ರಿಮೆಂಟ್. ಆ ಯಂತ್ರ ಗುಜರಿಗೆ ಹೋಗಿ ತಲೆಮಾರುಗಳೇ ಕಳೆದರೂ ಆ ಮನೆಗಳ ಮೊದಲಕ್ಷರ ಹೊತ್ತ ಹೆಸರುಗಳು ಆಟೋಲಿಸ್ಪ್‌ನಲ್ಲಿ ಇಂದಿಗೂ ಇವೆ.

ದಾರಿಯಲ್ಲಿ ಎಷ್ಟು ಊರು ಎಂದು ಎಣಿಸಬೇಕಾದರೆ:

(ಇರಲಿ ಎಣಿಸು (ಕ್ರಿಯೆ (ದಾರಿ) (ಆದರೆ (ಖಾಲಿಯೇ ದಾರಿ) 0 (ಕೂಡು 1 (ಎಣಿಸು (ಉಳಿದದ್ದು ದಾರಿ))))))

ದಾರಿ ಖಾಲಿಯಾದರೆ ಸೊನ್ನೆ. ಇಲ್ಲವಾದರೆ ಈ ಊರಿನದು ಒಂದು, ಉಳಿದ ದಾರಿಯದು ಎಷ್ಟೋ ಅಷ್ಟು. ಎಣಿಸುವ ಕ್ರಿಯೆ ತನ್ನನ್ನೇ ಕರೆಯುತ್ತಿದೆ, ಆದರೆ ಪ್ರತಿ ಸಲ ಒಂದೂರು ಕಡಿಮೆಯಾದ ದಾರಿಯೊಂದಿಗೆ. ಗುರುವಾಯನಕೆರೆಯಿಂದ ಬಲಕ್ಕೆ ಹೋಗದೆ ವೇಣೂರು, ಮೂಡಬಿದಿರೆ, ಸಿದ್ಧಕಟ್ಟೆ ಸುತ್ತಿ ಬಂಟ್ವಾಳಕ್ಕೇ ವಾಪಸು ಬರುವಂತೆ ಫಲಕ ನೆಟ್ಟರೆ ಏನಾಗುತ್ತದೆ? ಬಲಮನೆ ಎಲ್ಲೂ ಖಾಲಿ ಸಿಗುವುದಿಲ್ಲ. ಕಂಡಕ್ಟರ್ ಎಣಿಸುತ್ತಲೇ ಇರುತ್ತಾನೆ, ಡೀಸೆಲ್ ಮುಗಿಯುವವರೆಗೆ. ಕಂಪ್ಯೂಟರಿನಲ್ಲಿ ಡೀಸೆಲ್ ಎಂದರೆ ನೆನಪಿನ ಜಾಗ.

ಎರಡನೆಯ ಕೆಲಸವೇ ಅರ್ಥ ಹೇಳುವುದು. ನಿಯಮಗಳು ಬೆರಳೆಣಿಕೆಯಷ್ಟು. ಸಂಖ್ಯೆ ಬಂದರೆ ಅದರ ಅರ್ಥ ಅದೇ. ಹೆಸರು ಬಂದರೆ ಹೆಸರುಗಳ ಪಟ್ಟಿಯಲ್ಲಿ ಹುಡುಕು. ಕಂಸದ ಪಟ್ಟಿ ಬಂದರೆ ಒಳಗಿರುವ ಪ್ರತಿಯೊಂದರ ಅರ್ಥವನ್ನೂ ಮೊದಲು ಮಾಡು, ಆಮೇಲೆ ಮೊದಲನೆಯದನ್ನು ಕ್ರಿಯೆಯಾಗಿ, ಉಳಿದವನ್ನು ಅದರ ಸಾಮಗ್ರಿಯಾಗಿ ತೆಗೆದುಕೊಂಡು ನಡೆಸು. (ಜಾಗ 60 40) ಬಂದಾಗ ಜಾಗ ಎಂಬ ಹೆಸರನ್ನು ಹುಡುಕಿತು, ಕ್ರಿಯೆ ಸಿಕ್ಕಿತು. 60 ಎಂದರೆ 60, 40 ಎಂದರೆ 40. ಈಗ ನಡೆಸಬೇಕು. ನಡೆಸುವುದೆಂದರೆ ಉದ್ದ 60, ಅಗಲ 40 ಎಂದು ಒಂದು ಹೊಸ ಚೀಟಿ ಬರೆದು, ಆ ಚೀಟಿ ಕೈಯಲ್ಲಿಟ್ಟುಕೊಂಡು ಕ್ರಿಯೆಯ ಒಡಲಿನ ಅರ್ಥ ಹೇಳು ಎನ್ನುವುದು. ಒಡಲು ಇನ್ನೊಂದು ಕಂಸದ ಪಟ್ಟಿ, ಮತ್ತೆ ಅದೇ ನಿಯಮ. ಅರ್ಥ ಹೇಳುವುದು ನಡೆಸುವುದನ್ನು ಕರೆಯುತ್ತದೆ, ನಡೆಸುವುದು ಅರ್ಥ ಹೇಳುವುದನ್ನು ಕರೆಯುತ್ತದೆ. ಭಾಗವತ ಅರ್ಥಧಾರಿಗಳ ಹಾಗೆ ಒಬ್ಬರಿಗೊಬ್ಬರು ಎತ್ತಿಕೊಡುತ್ತ ಪ್ರಸಂಗ ಸಾಗುತ್ತದೆ. ಇಡೀ ಯಂತ್ರದ ಹೃದಯ ಇದು, ಇದಕ್ಕಿಂತ ಆಚೆ ಗುಟ್ಟಿಲ್ಲ.

ಸೆಂಟು ಎಂಬ ಹೆಸರು ಆ ಹೊಸ ಚೀಟಿಯಲ್ಲಿಲ್ಲವಲ್ಲ? ಚೀಟಿಯ ಅಡಿಯಲ್ಲಿ ಇನ್ನೊಂದು ಚೀಟಿ ಇದೆ. ಮೇಲಿನದರಲ್ಲಿ ಸಿಗದಿದ್ದರೆ ಕೆಳಗಿನದರಲ್ಲಿ ನೋಡು. ಕಲ್ಲಡ್ಕದ ಕೆ.ಟಿ. ಕುಡಿದವರಿಗೆ ಪದರ ಎಂದರೇನೆಂದು ಗೊತ್ತು, ಮೇಲೆ ಡಿಕಾಕ್ಷನ್, ಕೆಳಗೆ ಹಾಲು, ಕಲಕುವವರೆಗೆ ಒಂದರೊಳಗೊಂದು ಬೆರೆಯುವುದಿಲ್ಲ. ಹೆಸರಿನ ಪದರಗಳನ್ನೂ ಕಲಕಬಾರದು. ಕಲಕಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ, ಈ ಅಧ್ಯಾಯದಲ್ಲಿ ನನಗೆ ತೀರ ಇಷ್ಟವಾದ ಭಾಗ ಅದು.

ಅದಕ್ಕೆ ಮೊದಲು ಒಂದು ತೊಡಕು. 'ಒಳಗಿರುವ ಎಲ್ಲದರ ಅರ್ಥ ಮೊದಲು' ಎಂಬ ನಿಯಮ 'ಆದರೆ'ಗೆ ಹೊಂದುವುದಿಲ್ಲ. ಕೃಷ್ಣಸಂಧಾನದಲ್ಲಿ ಒಪ್ಪಂದವಾದರೆ ಶಾಂತಿ, ಇಲ್ಲದಿದ್ದರೆ ಯುದ್ಧ. ಶಾಂತಿಯನ್ನೂ ಮಾಡಿ ಯುದ್ಧವನ್ನೂ ಮುಗಿಸಿ, ಆಮೇಲೆ ಯಾವುದು ಬೇಕೆಂದು ಆರಿಸಿಕೊಳ್ಳಲಾಗುತ್ತದೆಯೇ? ಹಾಗಾಗಿ 'ಆದರೆ' ಕಂಡ ಕೂಡಲೇ ಇಂಟರ್‌ಪ್ರಿಟರ್ ಮೊದಲು ಷರತ್ತನ್ನು ಮಾತ್ರ ನೋಡುತ್ತದೆ, ಎರಡರಲ್ಲಿ ಒಂದೇ ದಾರಿಗೆ ಕಾಲಿಡುತ್ತದೆ. ಈ ವಿನಾಯಿತಿ ಇಲ್ಲದಿದ್ದರೆ ಮೇಲಿನ ಎಣಿಸುವ ಕ್ರಿಯೆ ಖಾಲಿ ದಾರಿಯಲ್ಲೂ ತನ್ನನ್ನು ತಾನು ಕರೆಯುತ್ತ ಹೋಗಿ ಎಂದಿಗೂ ನಿಲ್ಲದು. 'ಇರಲಿ', 'ಕ್ರಿಯೆ' ಇವುಗಳಿಗೂ ಅಂಥದೇ ವಿನಾಯಿತಿ ಬೇಕು.

ಇನ್ನೊಂದು ವಿನಾಯಿತಿ 'ಎಂದು'. 'ಮಳೆ ಬರುತ್ತದೆ' ಎಂಬುದು ಮಳೆಯ ಬಗ್ಗೆ ಮಾತು. 'ಮಳೆ ಬರುತ್ತದೆ ಎಂದು' ಎಂದೊಡನೆ ಅದು ಮಾತಿನ ಬಗ್ಗೆ ಮಾತು. ಕನ್ನಡದ ಈ ಎರಡಕ್ಷರ ಹಿಂದಿನ ಇಡೀ ವಾಕ್ಯವನ್ನು ಬಾಳೆಲೆಯಲ್ಲಿ ಸುತ್ತಿದ ಹಾಗೆ ಸುತ್ತಿ ವಸ್ತುವನ್ನಾಗಿ ಮಾಡಿಬಿಡುತ್ತದೆ. ಲಿಸ್ಪ್‌ಗೂ ಅಂಥದೊಂದು ಬೇಕಿತ್ತು. (ಕೂಡು 2 3) ಎಂದರೆ 5. (ಎಂದು (ಕೂಡು 2 3)) ಎಂದರೆ 5 ಅಲ್ಲ, ಕೂಡು, 2, 3 ಎಂಬ ಮೂರು ಫಲಕಗಳ ಪಟ್ಟಿ. ಅದರ ಮೊದಲ ಫಲಕ ಕಿತ್ತು ಗುಣಿಸು ಎಂಬುದನ್ನು ನೆಟ್ಟು, ಈಗ ಅರ್ಥ ಹೇಳು ಎಂದರೆ 6. ಪ್ರೋಗ್ರಾಮನ್ನು ಬರೆದಿರುವುದೂ ಪಟ್ಟಿಯಲ್ಲೇ, ಪ್ರೋಗ್ರಾಮು ಕೆಲಸ ಮಾಡುವುದೂ ಪಟ್ಟಿಯ ಮೇಲೆಯೇ. ಹೀಗಾಗಿ ಒಂದು ಪ್ರೋಗ್ರಾಮು ಇನ್ನೊಂದನ್ನು ಬರೆಯಬಲ್ಲದು, ತಿದ್ದಬಲ್ಲದು. ಕಂಸಗಳಿಗೆ ತೆತ್ತ ಬೆಲೆ ಇಲ್ಲಿ ಬಡ್ಡಿ ಸಮೇತ ಮರಳುತ್ತದೆ.

ಇದನ್ನೆಲ್ಲ ಹುಟ್ಟಿಸಿದವರು ಜಾನ್ ಮೆಕಾರ್ಥಿ, ಅಮೆರಿಕದ ಎಂಐಟಿಯಲ್ಲಿ. 1958ರಲ್ಲಿ ಶುರುವಾದ ಕೆಲಸದ ಲೇಖನ ಅಚ್ಚಾದದ್ದು 1960ರ ಏಪ್ರಿಲ್‌ನಲ್ಲಿ. ಅದೇ ವರ್ಷ ಇಲ್ಲಿ ಸುರತ್ಕಲ್‌ನಲ್ಲಿ ಕೆಆರ್‌ಇಸಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಮೆಕಾರ್ಥಿಗೆ ತಮ್ಮ ಭಾಷೆ ಎಷ್ಟು ಸರಳವೆಂದು ತೋರಿಸಬೇಕಿತ್ತು. ಅದಕ್ಕಾಗಿ ಲಿಸ್ಪ್‌ನ ಯಾವ ಮಾತಿಗಾದರೂ ಅರ್ಥ ಹೇಳುವ ಒಂದು ಕ್ರಿಯೆಯನ್ನು ಲಿಸ್ಪ್‌ನಲ್ಲೇ ಕಾಗದದ ಮೇಲೆ ಬರೆದರು. ಅದರ ಹೆಸರು 'ಇವ್ಯಾಲ್'. ಗಣಿತದ ಸಿದ್ಧಾಂತವಾಗಿ ಬರೆದದ್ದು, ಓದಲಿಕ್ಕೆ. ಗುಂಪಿನಲ್ಲಿದ್ದ ಸ್ಟೀವ್ ರಸೆಲ್ ಎಂಬ ಹುಡುಗ ಇದನ್ನು ನೋಡಿ, ನಾನಿದನ್ನು ಯಂತ್ರದ ಭಾಷೆಗೆ ಇಳಿಸಿದರೆ ಹೇಗೆ ಎಂದು ಕೇಳಿದ. ಸಿದ್ಧಾಂತಕ್ಕೂ ಬಳಕೆಗೂ ಗಲಿಬಿಲಿ ಮಾಡಿಕೊಳ್ಳುತ್ತಿದ್ದೀ ಎಂದು ಮೆಕಾರ್ಥಿ ನಕ್ಕರಂತೆ. ರಸೆಲ್ ಕೇಳಲಿಲ್ಲ. ಐಬಿಎಂ 704ರ ಸಂಕೇತಗಳಲ್ಲಿ ಕೈಯಾರೆ ಬರೆದು ಓಡಿಸಿಯೇಬಿಟ್ಟ. ಲಿಸ್ಪ್‌ನ ಮೊದಲ ಇಂಟರ್‌ಪ್ರಿಟರ್ ಹುಟ್ಟಿದ್ದು ಹೀಗೆ, ಭಾಷೆಯನ್ನು ಕಂಡುಹಿಡಿದವರ ಮಾತು ಮೀರಿ. ಇದೇ ರಸೆಲ್ ಕೆಲವು ವರ್ಷಗಳಲ್ಲಿ, 1962ರಲ್ಲಿ, ಗೆಳೆಯರೊಂದಿಗೆ ಸೇರಿ 'ಸ್ಪೇಸ್‌ವಾರ್' ಎಂಬ ಆಟವನ್ನೂ ಮಾಡಿದ. ವಿಡಿಯೊ ಗೇಮುಗಳ ಚರಿತ್ರೆ ಬರೆಯುವವರು ಅಲ್ಲಿಂದ ಶುರು ಮಾಡುವುದುಂಟು.

ರಸೆಲ್‌ನ ಇಂಟರ್‌ಪ್ರಿಟರಿನೊಂದಿಗೆ ಇನ್ನೊಂದು ಘಟನೆಯೂ ನಡೆಯಿತು. ಕಂಸಗಳ ಈ ರೂಪ ಯಂತ್ರದ ಒಳಬಳಕೆಗೆ ಮಾತ್ರ, ಮನುಷ್ಯರು ಬರೆಯಲು ಚೊಕ್ಕವಾದ ಬೇರೊಂದು ರೂಪ ಬರುತ್ತದೆ ಎಂಬುದು ಮೆಕಾರ್ಥಿಯವರ ಯೋಜನೆ. ಕಂಸವಧೆ ನಿಶ್ಚಯವಾಗಿತ್ತು, ಮುಹೂರ್ತ ಮುಂದೆ ಹೋಗುತ್ತ ಬಂತು. ಅಷ್ಟರಲ್ಲಿ ರಸೆಲ್‌ನ ಇಂಟರ್‌ಪ್ರಿಟರ್ ಓಡತೊಡಗಿತ್ತು, ಅದು ಓದುತ್ತಿದ್ದುದು ಕಂಸದ ರೂಪವನ್ನು. ಪ್ರೋಗ್ರಾಮರುಗಳಿಗೆ ಅದೇ ರೂಢಿಯಾಯಿತು, ಹಿಡಿಸಿಯೂ ಬಿಟ್ಟಿತು. ಕಂಸ ಇನ್ನೂ ಮಥುರೆಯಲ್ಲೇ ಇದ್ದಾನೆ.

ಲಿಸ್ಪ್‌ಗೆ ಲಿಸ್ಪ್‌ನಲ್ಲೇ ಇಂಟರ್‌ಪ್ರಿಟರ್ ಎಂದರೆ ಕೆಲವರಿಗೆ ತಲೆ ಸುತ್ತುತ್ತದೆ. ತನ್ನ ಹೆಗಲ ಮೇಲೆ ತಾನೇ ಕೂರುವುದು ಹೇಗೆ? ಆದರೆ ಕನ್ನಡಿಗರು ಇದನ್ನು 13ನೆಯ ಶತಮಾನದಲ್ಲೇ ನೋಡಿದ್ದಾರೆ. ಕೇಶಿರಾಜನ ಶಬ್ದಮಣಿದರ್ಪಣ ಕನ್ನಡದ ವ್ಯಾಕರಣ, ಬರೆದದ್ದು ಕನ್ನಡದಲ್ಲಿ, ಅದೂ ಕಂದಪದ್ಯಗಳಲ್ಲಿ. ಕನ್ನಡ ಬಾರದವನಿಗೆ ಆ ಪುಸ್ತಕದಿಂದ ಕನ್ನಡ ಬಾರದು, ಆದರೂ ಕನ್ನಡದ ಬಗ್ಗೆ ಅದು ಹೇಳುವುದೆಲ್ಲ ನಿಜ. ಭಟ್ಟಾಕಳಂಕ 1604ರಲ್ಲಿ ಬರೆದ ಶಬ್ದಾನುಶಾಸನವೂ ಕನ್ನಡದ ವ್ಯಾಕರಣವೇ, ಆದರೆ ಸೂತ್ರಗಳು ಸಂಸ್ಕೃತದಲ್ಲಿವೆ. ಪೀಟರ್ ನಾರ್ವಿಗ್ ಎಂಬ ವಿಜ್ಞಾನಿ 2010ರಲ್ಲಿ ಪೈಥಾನ್ ಭಾಷೆಯಲ್ಲಿ ನೂರರ ಆಸುಪಾಸಿನ ಸಾಲುಗಳಲ್ಲಿ ಒಂದು ಲಿಸ್ಪ್ ಇಂಟರ್‌ಪ್ರಿಟರ್ ಬರೆದು ತೋರಿಸಿದರು. ಅದು ಭಟ್ಟಾಕಳಂಕನ ದಾರಿ. ಮೆಕಾರ್ಥಿಯದು ಕೇಶಿರಾಜನ ದಾರಿ. 1962ರಲ್ಲಿ ಬಂದ ಲಿಸ್ಪ್ 1.5ರ ಕೈಪಿಡಿಯಲ್ಲಿ ಅರ್ಥ ಹೇಳುವ, ನಡೆಸುವ ಆ ಕ್ರಿಯೆಗಳು ಅರ್ಧ ಪುಟದೊಳಗೆ ಹಿಡಿಸಿವೆ. ಆ ಅರ್ಧ ಪುಟವನ್ನು ಅಲನ್ ಕೇ ಎಂಬ ಗಣಕ ವಿಜ್ಞಾನಿ ಭೌತಶಾಸ್ತ್ರದ ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಹೋಲಿಸಿದ್ದಾರೆ. ಕೇಶಿರಾಜನ ದಾರಿಗೆ ಒಂದೇ ಕೊರತೆ, ಮೊದಲ ಸಲ ಯಾರಾದರೊಬ್ಬ ಹೊರಗಿನಿಂದ ಚಾಲನೆ ಕೊಡಬೇಕು. ರಸೆಲ್ ಕೊಟ್ಟ.

ಇನ್ನು ಪದರ ಕಲಕುವ ವಿಷಯ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡದಲ್ಲಿ ಅಪ್ಪ ತಂದೆ, ಅಮ್ಮ ತಾಯಿ. ಬೆಳ್ತಂಗಡಿಯ ಹಿರಿಯರೊಬ್ಬರು ಒಂದು ಚೀಟಿಯಲ್ಲಿ ಅಪ್ಪೆಗೆ ಮದ್ದು ಕೊಡಿ ಎಂದು ಬರೆದು ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲಿ ಕಳಿಸುತ್ತಾರೆ. ಮೇಲೆ ತುಳು ಬಾರದವರೊಬ್ಬರು ಅದನ್ನು ಓದುತ್ತಾರೆ. ಅಪ್ಪೆ ಎಂಬ ಹೆಸರಿಗೆ ಯಾವ ಅರ್ಥ ಹಿಡಿಯಬೇಕು? ಚೀಟಿ ಹುಟ್ಟಿದ ಊರಿನದೇ, ಚೀಟಿ ಓದಿದ ಊರಿನದೇ? ಓದಿದ ಊರಿನದು ಹಿಡಿದರೆ ತಾಯಿಯ ಮದ್ದನ್ನು ತಂದೆ ಕುಡಿಯುತ್ತಾರೆ.

ಲಿಸ್ಪ್‌ನ ಕ್ರಿಯೆಗಳೂ ಹೀಗೆ ಊರಿಂದೂರಿಗೆ ಹೋಗುತ್ತವೆ. ಒಂದು ಕಡೆ ಹುಟ್ಟಿದ ಕ್ರಿಯೆಯನ್ನು ಸಾಮಗ್ರಿಯಾಗಿ ಇನ್ನೊಂದಕ್ಕೆ ಕೊಡಬಹುದು, ಅದು ಎಲ್ಲೋ ಹೋಗಿ ನಡೆಯುತ್ತದೆ. ಒಡಲಲ್ಲಿ ಸೆಂಟು ಎಂಬ ಹೆಸರಿದೆ, ಕ್ರಿಯೆಯ ಚೀಟಿಯಲ್ಲಿಲ್ಲ. ಈಗ ಅಡಿಯ ಪದರ ಯಾವುದು, ಹುಟ್ಟಿದಲ್ಲಿಯದೇ ನಡೆಯುವಲ್ಲಿಯದೇ? ಮೆಕಾರ್ಥಿಯವರ ಮೊದಲ ಇವ್ಯಾಲ್ ನಡೆಯುವಲ್ಲಿಯದನ್ನು ಹಿಡಿಯುತ್ತಿತ್ತು. ಜೇಮ್ಸ್ ಸ್ಲೇಗಲ್ ಎಂಬ ವಿದ್ಯಾರ್ಥಿಯ ಪ್ರೋಗ್ರಾಮು ತಪ್ಪು ಉತ್ತರ ಕೊಟ್ಟಾಗ ಇದು ಬೆಳಕಿಗೆ ಬಂತು. ಸಣ್ಣ ದೋಷ, ರಸೆಲ್ ಸರಿಮಾಡುತ್ತಾನೆ ಎಂದುಕೊಂಡರಂತೆ ಮೆಕಾರ್ಥಿ. ರಸೆಲ್ ಒಂದು ತೇಪೆ ಹಾಕಿದ. ದೋಷ ಸಣ್ಣದಾಗಿರಲಿಲ್ಲ. ಮಾತಿನ ಅರ್ಥ ಎಲ್ಲಿರುತ್ತದೆ ಎಂಬ ಪ್ರಶ್ನೆ ಅದು. 1975ರಲ್ಲಿ ಎಂಐಟಿಯಲ್ಲೇ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ 'ಸ್ಕೀಮ್' ಎಂಬ ಪುಟ್ಟ ಲಿಸ್ಪ್ ಮಾಡಿದಾಗ ನಿಯಮ ಬದಲಿಸಿದರು: ಕ್ರಿಯೆ ಹುಟ್ಟುವಾಗಲೇ ತನ್ನ ಊರಿನ ಹೆಸರುಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಡಬೇಕು, ಎಲ್ಲಿ ನಡೆದರೂ ಮೊದಲು ಅದನ್ನೇ ಬಿಚ್ಚಿ ನೋಡಬೇಕು. ಬೆಳ್ತಂಗಡಿಯ ಚೀಟಿಯ ಜೊತೆ ಒಂದು ತುಳು ನಿಘಂಟು ಇಟ್ಟು ಕಳಿಸಿದ ಹಾಗೆ. ಇಂದಿನ ಬಹುತೇಕ ಭಾಷೆಗಳು ಈ ನಿಯಮವನ್ನೇ ಪಾಲಿಸುತ್ತವೆ.

ಬಹುತೇಕ ಎಂದೆ. 1985ರಲ್ಲಿ ಬಂದ ಜಿಎನ್‌ಯು ಈಮ್ಯಾಕ್ಸ್ ಎಂಬ ಬರೆಯುವ ತಂತ್ರಾಂಶದ ಹೊಟ್ಟೆಯಲ್ಲೂ ಲಿಸ್ಪ್ ಇಂಟರ್‌ಪ್ರಿಟರ್ ಇದೆ. ಅದರಲ್ಲಿ ಕನ್ನಡ ಬೆರಳಚ್ಚಿಸುವ ವ್ಯವಸ್ಥೆಯನ್ನೂ ಲಿಸ್ಪ್‌ನಲ್ಲೇ ಬರೆದಿದ್ದಾರೆ. ಹುಟ್ಟೂರಿನ ನಿಯಮ ಅಲ್ಲಿಗೆ ಐಚ್ಛಿಕವಾಗಿ ಬಂದದ್ದು 2012ರಲ್ಲಿ. ಆಟೋಲಿಸ್ಪ್‌ಗೆ ಹಳೆಯ ನಿಯಮವೇ. ನಕ್ಷೆಯವರು ಪೆನ್‌ಡ್ರೈವಿನಲ್ಲಿ ತಂದ ಎರಡು ಲಿಸ್ಪ್ ಫೈಲುಗಳು ಬೇರೆಬೇರೆಯಾಗಿ ಸರಿಯಾಗಿಯೇ ಓಡುತ್ತವೆ, ಒಂದರ ಹಿಂದೆ ಒಂದು ಓಡಿಸಿದರೆ ಎರಡನೆಯದು ಹುಚ್ಚುಹುಚ್ಚಾಗಿ ಆಡುತ್ತದೆ. ಎರಡರಲ್ಲೂ ಒಂದೇ ಹೆಸರಿದೆ, ಮೊದಲನೆಯದು ಬಿಟ್ಟುಹೋದ ಬೆಲೆ ಎರಡನೆಯದಕ್ಕೆ ಸಿಕ್ಕಿದೆ. ಕ್ರಿಯೆ ಬರೆಯುವಾಗ ಒಂದು ಓರೆಗೆರೆ ಹಾಕಿ ಅದರಾಚೆ 'ಇವು ನನ್ನ ಮನೆಯ ಹೆಸರು' ಎಂದು ಪಟ್ಟಿ ಕೊಟ್ಟರೆ ಈ ಸೋರಿಕೆ ನಿಲ್ಲುತ್ತದೆ. ಓರೆಗೆರೆ ಮರೆತವರು ಬಹಳ.

ಆಟೋಲಿಸ್ಪ್ ಬಗ್ಗೆ ಇನ್ನೊಂದು ಎಚ್ಚರ ಹೇಳಿಬಿಡುತ್ತೇನೆ, ಜಾಗದ ವಿಷಯವಾದ್ದರಿಂದ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಅದು ಶೇಷವನ್ನು ಎಸೆದುಬಿಡುತ್ತದೆ. 7ನ್ನು 2ರಿಂದ ಭಾಗಿಸು ಎಂದರೆ 3. ಎರಡರಲ್ಲಿ ಒಂದಕ್ಕಾದರೂ ದಶಮಾಂಶ ಬಿಂದು ಇದ್ದರೆ ಮಾತ್ರ ಮೂರೂವರೆ. ಸೆಂಟಿನ 435.6ನ್ನು ಯಾರಾದರೂ ಸುಲಭಕ್ಕೆಂದು 435 ಮಾಡಿದರೆ 2,400 ಚದರ ಅಡಿಯ ಜಾಗ ಐದೂವರೆ ಸೆಂಟ್ಸ್ ಬದಲು ಐದೇ ಸೆಂಟ್ಸ್ ಆಗುತ್ತದೆ. ಅರ್ಧ ಸೆಂಟ್ಸ್‌ಗೆ ನಮ್ಮಲ್ಲಿ ಕೋರ್ಟು ಹತ್ತಿದವರಿದ್ದಾರೆ.

ಇಷ್ಟೆಲ್ಲ ಚೀಟಿ, ಫಲಕ ಮಾಡುತ್ತ ಹೋದರೆ ಯಂತ್ರ ತುಂಬಿಹೋಗುವುದಿಲ್ಲವೇ? ಹೋಗುತ್ತದೆ. ಅದಕ್ಕೂ ಉಪಾಯ ಕಂಡುಹಿಡಿದವರು ಮೆಕಾರ್ಥಿಯೇ, 1959ರ ಸುಮಾರಿಗೆ. ಜಾಗ ಮುಗಿಯುತ್ತ ಬಂದಾಗ ಕೆಲಸ ನಿಲ್ಲಿಸಿ, ಈಗ ಬಳಕೆಯಲ್ಲಿರುವ ಹೆಸರುಗಳಿಂದ ಹೊರಟು ಫಲಕದಿಂದ ಫಲಕಕ್ಕೆ ನಡೆಯುತ್ತ ಮುಟ್ಟಿದ್ದಕ್ಕೆಲ್ಲ ಒಂದು ಗುರುತು ಹಾಕುವುದು. ಗುರುತಿಲ್ಲದ ಫಲಕಕ್ಕೆ ಯಾರೂ ಬರುವ ದಾರಿಯೇ ಇಲ್ಲ, ಕಿತ್ತು ಮರುಬಳಕೆಗೆ ಇಡುವುದು. ಜಾವಾ, ಪೈಥಾನ್, ನಿಮ್ಮ ಮೊಬೈಲಿನ ಬ್ರೌಸರು, ಎಲ್ಲವೂ ಈ ಕಸ ಗುಡಿಸುವ ಕೆಲಸವನ್ನು ಒಂದಲ್ಲ ಒಂದು ಬಗೆಯಲ್ಲಿ ಮಾಡುತ್ತಲೇ ಇರುತ್ತವೆ.

ಓದುಗರಲ್ಲಿ ಕೈ ತುರಿಸುವವರಿದ್ದರೆ, ಮೂಡಬಿದಿರೆಯ ಸುತ್ತಮುತ್ತ ಎಂಜಿನಿಯರಿಂಗ್ ಓದುವ ಮಕ್ಕಳು ಬೇಕಾದಷ್ಟಿದ್ದಾರೆ, ನಿಮಗೆ ಗೊತ್ತಿರುವ ಯಾವುದಾದರೂ ಭಾಷೆಯಲ್ಲಿ ಇದನ್ನು ಬರೆದು ನೋಡಿ. ಮೊದಲ ದಿನ ಓದುವ ಭಾಗ, ಎರಡನೆಯ ದಿನ ಅರ್ಥ ಹೇಳುವುದು ಮತ್ತು ನಡೆಸುವುದು, ಮೂರನೆಯ ದಿನ ವಿನಾಯಿತಿಗಳು. ಶಬ್ದಗಳು ಕನ್ನಡದ್ದಾಗಿರಲಿ, ತುಳುವಿನದಾದರೆ ಇನ್ನೂ ಚೆಂದ. ಕ್ರಿಯಾಪದವನ್ನು ಬಾಲಕ್ಕೆ ಹಾಕಬೇಕೆನಿಸಿದರೆ ಹಾಕಿ, ಬದಲಾಗುವುದು ಒಂದೇ ಸಾಲು.

ಅಷ್ಟೆಲ್ಲ ಪುರುಸೊತ್ತಿಲ್ಲದವರು ಮುಂದಿನ ಸಲ ನಕ್ಷೆ ಕಚೇರಿಗೆ ಹೋದಾಗ ಕೊನೆಯ ಕಂಸ ಬಿಟ್ಟು (+ 2 3 ಎಂದಷ್ಟೇ ಬರೆದು ಎಂಟರ್ ಒತ್ತಿ ನೋಡಿ. ಉತ್ತರ ಬರುವುದಿಲ್ಲ, ತಪ್ಪಾಯಿತೆಂಬ ದೂರೂ ಬರುವುದಿಲ್ಲ. ಪಟ್ಟಿಯಲ್ಲಿ ಒಂದು ಎಡಗಂಸ ತೋರಿಸಿ ಸುಮ್ಮನೆ ಕಾಯುತ್ತದೆ. ಬಲಗಂಸ ಒಂದನ್ನು ಕೊಟ್ಟರೆ 5 ಎನ್ನುತ್ತದೆ.